ಸಾವಿರ ವರ್ಷದ ಆಳ್ವಿಕೆ, ಏಳು ವರ್ಷದ ಸಂಕಟ: ಕ್ರೈಸ್ತರ ಅಂತ್ಯಕಾಲದ ನಂಬಿಕೆಗೂ ಓಟಿಗೂ ಏನು ಸಂಬಂಧ?

ಸಾದಾ ಪ್ರಶ್ನೆ
ಟಿವಿ ಚರ್ಚೆ ಹಾಕಿದರೂ ಅದೇ, ವಾಟ್ಸಾಪ್ ತೆಗೆದರೂ ಅದೇ ಮಾತು: "ಅಮೆರಿಕದ ಕ್ರೈಸ್ತರು ಇಸ್ರೇಲ್ ಬೆನ್ನಿಗೆ ನಿಂತಿರೋದೇ ಲೋಕ ಬೇಗ ಮುಗೀಲಿ ಅಂತ." ಇದರಲ್ಲಿ ಎಷ್ಟು ನಿಜ? ಕ್ರೈಸ್ತರೆಲ್ಲ ಅಂತ್ಯಕಾಲದ ಬಗ್ಗೆ ಒಂದೇ ಥರ ನಂಬ್ತಾರಾ? ನಂಬಿಕೆಯಿಂದ ರಾಜಕೀಯಕ್ಕೆ ದಾರಿ ಎಲ್ಲಿ ಹಾದು ಹೋಗುತ್ತೆ? ತಿಳಿದವರು ಅಧ್ಯಾಯ, ಇಸವಿ ಸಮೇತ ಹೇಳಿ. ಬೈಯೋಕೆ ಬಂದವರು, ಮತ ಸಾರೋಕೆ ಬಂದವರು ಇಬ್ಬರೂ ದಯವಿಟ್ಟು ಬೇರೆ ಕಡೆ ನೋಡ್ಕೊಳ್ಳಿ.

ಹಳೆಪುಟ
ಒಂದೇ ಥರ ಖಂಡಿತ ಅಲ್ಲ. ಜಗಳದ ಮೂಲ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯ. ಅಲ್ಲಿ 2ರಿಂದ 7ನೇ ವಚನದೊಳಗೆ "ಸಾವಿರ ವರ್ಷ" ಆರು ಸಲ ಬರುತ್ತೆ. ಕ್ರಿಸ್ತ ಬರೋದು ಆ ಸಾವಿರ ವರ್ಷಕ್ಕೆ ಮೊದಲೋ, ಆಮೇಲೋ, ಅಥವಾ ಅದು ಬರೀ ಸಂಕೇತವೋ? ಇಷ್ಟರ ಮೇಲೇ ಪಂಥಗಳು ಒಡೆದದ್ದು.

ಮೊದಲು ಬರ್ತಾನೆ, ಭೂಮಿಯ ಮೇಲೆ ಕೂತು ಆಳ್ತಾನೆ ಅನ್ನೋರು ಪ್ರೀಮಿಲೆನಿಯಲ್. 2ನೇ ಶತಮಾನದ ಪಾಪಿಯಾಸ್, ಜಸ್ಟಿನ್, ಐರೀನಿಯಸ್ ಈ ಕಡೆಯವರು. ಸುವಾರ್ತೆ ಹರಡಿ, ಲೋಕ ಸುಧಾರಿಸಿ, ಆ ಒಳ್ಳೆಯ ಕಾಲದ ಕೊನೆಗೆ ಬರ್ತಾನೆ ಅನ್ನೋರು ಪೋಸ್ಟ್‌ಮಿಲೆನಿಯಲ್. ಸಾವಿರ ಅಂದರೆ ಲೆಕ್ಕದ ಸಾವಿರ ಅಲ್ಲ, ಈಗ ನಡೀತಿರೋ ಸಭೆಯ (ಚರ್ಚಿನ) ಕಾಲವೇ ಅದು ಅನ್ನೋರು ಅಮಿಲೆನಿಯಲ್. ಈ ಮೂರನೆಯದನ್ನು 5ನೇ ಶತಮಾನದಲ್ಲಿ ಅಗಸ್ಟೀನ್ ಗಟ್ಟಿ ಮಾಡಿದ. ಕ್ಯಾಥೊಲಿಕ್, ಆರ್ಥೊಡಾಕ್ಸ್, ಲೂಥರನ್ ಸಭೆಗಳು ಹೆಚ್ಚುಕಡಿಮೆ ಇಲ್ಲೇ ನಿಂತಿವೆ. ಅಂದರೆ ಲೋಕದ ಬಹುಪಾಲು ಕ್ರೈಸ್ತರ ಅಧಿಕೃತ ನಿಲುವಿಗೂ ಟಿವಿಯವರು ಹೇಳೋದಕ್ಕೂ ಸಂಬಂಧವೇ ಇಲ್ಲ.

ಟಿವಿಯಲ್ಲಿ ಕಾಣೋದು ಡಿಸ್ಪೆನ್ಸೇಷನಲ್ ಪಂಗಡ. ಪ್ರೀಮಿಲೆನಿಯಲ್ ಒಳಗೇ ಹುಟ್ಟಿದ ಹೊಸ ಕೊಂಬೆ ಅದು. 1830ರ ದಶಕದಲ್ಲಿ ಪ್ಲಿಮತ್ ಬ್ರೆದರನ್ ಗುಂಪಿನ ಜಾನ್ ನೆಲ್ಸನ್ ಡಾರ್ಬಿ ಅದಕ್ಕೆ ಆಕಾರ ಕೊಟ್ಟ. ಗುರುತು ಹಿಡಿಯೋಕೆ ಎರಡು ಪ್ರಶ್ನೆ ಸಾಕು. ಮಹಾ ಸಂಕಟಕ್ಕೆ, ಅಂದರೆ ಕೊನೆಯ ಏಳು ವರ್ಷದ ಕಷ್ಟಕಾಲಕ್ಕೆ, ಮೊದಲೇ ಸಭೆ (ನಂಬಿದವರೆಲ್ಲ) ಸ್ವರ್ಗಕ್ಕೆ ಎತ್ತಲ್ಪಡುತ್ತಾ? ಇಸ್ರೇಲಿಗೆ ಒಂದು, ಸಭೆಗೆ ಇನ್ನೊಂದು ಅಂತ ದೇವರಿಗೆ ಎರಡು ಯೋಜನೆ ಇದೆಯಾ? ಎರಡಕ್ಕೂ ಹೌದು ಅಂದರೆ ಡಾರ್ಬಿಯ ವಂಶ.

ಕುಡ್ಲದ ಓದುಗ
ನಮ್ಮ ಕ್ಯಾಥೊಲಿಕರ ಕಡೆಯಿಂದ ಒಂದು ಸೇರಿಸ್ತೇನೆ ಮಾರಾಯ್ರೆ. ಇದು "ಹೆಚ್ಚುಕಡಿಮೆ" ಅಲ್ಲ, ಬರವಣಿಗೆಯಲ್ಲೇ ಉಂಟು. 1944ರಲ್ಲಿ ವ್ಯಾಟಿಕನ್ನಿನ ಹೋಲಿ ಆಫೀಸ್ (ಬೋಧನೆಯ ಮೇಲೆ ಕಣ್ಣಿಡುವ ಕಚೇರಿ), ಕ್ರಿಸ್ತ ಕಣ್ಣಿಗೆ ಕಾಣುವಂತೆ ಬಂದು ಭೂಮಿಯಲ್ಲಿ ಆಳುತ್ತಾನೆ ಅನ್ನುವುದನ್ನು, ಸೌಮ್ಯ ರೂಪದಲ್ಲಿ ಕೂಡ, ಕಲಿಸುವುದು ಸುರಕ್ಷಿತ ಅಲ್ಲ ಅಂತ ಹೇಳಿದೆ. 1992ರ ಕ್ಯಾಟಿಕಿಸಂನ (ಸಭೆಯ ಅಧಿಕೃತ ಬೋಧನೆಯ ಪುಸ್ತಕ) 676ನೇ ಕಂಡಿಕೆ ಇನ್ನೂ ಖಾರ: ಚರಿತ್ರೆಯ ಒಳಗೇ ಸ್ವರ್ಗ ಇಳಿಸುತ್ತೇವೆ ಅನ್ನುವ ಪ್ರತಿ ಪ್ರಯತ್ನದಲ್ಲೂ ಕ್ರಿಸ್ತವಿರೋಧಿಯ ಮೋಸದ ನೆರಳು ಉಂಟು ಅಂತ. ರಾಜಕೀಯ ರೂಪದ "ಜಾತ್ಯತೀತ ಮೆಸ್ಸಾಯವಾದ"ವನ್ನೂ ಅದೇ ಸಾಲಿಗೆ ಸೇರಿಸಿದ್ದಾರೆ.

ಗದಗಿನವ
ಅಲ್ರಿ, ಲೂಥರನ್ನರು ಇದನ್ನ 1530ರಾಗ ಬರದಾರ. ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣದ 17ನೇ ಕಲಮು: ಸತ್ತವರು ಎದ್ದು ಬರೂ ಮೊದಲ ದೈವಭಕ್ತರು ಲೋಕದ ರಾಜ್ಯ ಹಿಡೀತಾರ ಅನ್ನೂದು ಸುಳ್ಳು ಅಂತ. ನಾಕು ವರ್ಷ ಆಗೂದರೊಳಗ, 1534ರಾಗ, ಜರ್ಮನಿಯ ಮ್ಯುನ್‌ಸ್ಟರ್ ಊರಾಗ ಅನಾಬ್ಯಾಪ್ಟಿಸ್ಟರು (ದೊಡ್ಡವರಾದ ಮ್ಯಾಲ ದೀಕ್ಷಾಸ್ನಾನ ಕೊಡೂ ಪಂಥದವರು) ಅದನ್ನ ಮಾಡೇ ತೋರಿಸಿದ್ರು. ಊರು ಹಿಡದ್ರು, "ಹೊಸ ಯೆರೂಸಲೇಮ್" ಅಂದ್ರು, ಲೈಡನ್ನಿನ ಯಾನ್ ತಾನ ರಾಜ ಆದ. 1535ರಾಗ ಊರು ಬಿತ್ತು. ಮುಖಂಡರ ಹೆಣ ಇಟ್ಟ ಕಬ್ಬಿಣದ ಪಂಜರ ಇವತ್ತಿಗೂ ಸೇಂಟ್ ಲ್ಯಾಂಬರ್ಟ್ ಚರ್ಚಿನ ಗೋಪುರಕ್ಕ ನೇತಾಡತಾವ.

ಇಂಗ್ಲೆಂಡಿನಾಗ ಫಿಫ್ತ್ ಮೊನಾರ್ಕಿ (ಐದನೇ ಸಾಮ್ರಾಜ್ಯ) ಮಂದಿ ಬೈಬಲಿನ ದಾನಿಯೇಲ ಪುಸ್ತಕದಾಗಿನ ನಾಕು ಸಾಮ್ರಾಜ್ಯ ಮುಗದು, ಐದನೇದು ಕ್ರಿಸ್ತನದು, ತಡ ಯಾಕ ಅಂತ 1661ರ ಜನವರಿಯೊಳಗ ಲಂಡನ್ ಬೀದಿಗೆ ಕತ್ತಿ ಹಿಡಕೊಂಡು ಇಳದ್ರು. ಥಾಮಸ್ ವೆನ್ನರ್ ಮುಂದಾಳು. ಮಂದಿ ಬಾಳ ಇರಲಿಲ್ಲ, ಹೆದರಿಕಿ ಮಾತ್ರ ಬಾಳ ಹುಟ್ಟಿಸಿದ್ರು. ಆಮ್ಯಾಲ ಶಾಂತಿ ಸಾರೂ ಕ್ವೇಕರ್ ಪಂಥದ ಮಂದೀನೂ ಇವರ ಜೋಡಿ ಸೇರಿಸಿ ಜೇಲಿಗೆ ಹಾಕಿದ್ರು. ಅಂತ್ಯಕಾಲದ ರಾಜಕೀಯ ಅಮೆರಿಕದಾಗ ಹುಟ್ಟಿದ್ದಲ್ಲ.

ಸಾದಾ ಪ್ರಶ್ನೆ
ಮಾಹಿತಿಗೆ ಥ್ಯಾಂಕ್ಸ್. ಆದರೆ ಈ "ಏಳು ವರ್ಷದ ಸಂಕಟ" ಎಲ್ಲಿಂದ ಬಂತು? ಪ್ರಕಟನೆಯಲ್ಲಿ ಹುಡುಕಿದರೆ ಏಳು ವರ್ಷ ಸಿಗಲ್ಲ.

ಲೆಕ್ಕಪತ್ರ
ಸಿಗಲ್ಲ, ಯಾಕಂದ್ರೆ ಅದು ಅಲ್ಲಿಲ್ಲ. ಪ್ರಕಟನೆಯಲ್ಲಿರೋದು 42 ತಿಂಗಳು, 1260 ದಿನ. ಎರಡೂ ಮೂರೂವರೆ ವರ್ಷವೇ. ಏಳು ವರ್ಷ ಬರೋದು ದಾನಿಯೇಲ 9:24-27ರಿಂದ. ಲೆಕ್ಕ ಹೀಗೆ ಹಾಕ್ತಾರೆ.

70 "ವಾರ"; ದಿನಕ್ಕೊಂದು ವರ್ಷ ಹಿಡಿದರೆ 490 ವರ್ಷ. ಯೆರೂಸಲೇಮ್ ಕಟ್ಟಲು ಅಪ್ಪಣೆಯಾದಾಗಿಂದ ಅಭಿಷಿಕ್ತನವರೆಗೆ (ಕ್ರೈಸ್ತರ ಪ್ರಕಾರ ಯೇಸು) 69 ವಾರ, ಅಂದರೆ 483 ವರ್ಷ. ನೆಹೆಮೀಯನಿಗೆ ಅಪ್ಪಣೆ ಸಿಕ್ಕ ಕ್ರಿ.ಪೂ. 445ರಿಂದ ಎಣಿಸಿದರೆ ಸೊನ್ನೆ ವರ್ಷ ಇಲ್ಲದ್ದರಿಂದ ಕ್ರಿ.ಶ. 39ಕ್ಕೆ ಬಂದು ನಿಲ್ಲುತ್ತೆ. ಅದು ಯೇಸುವಿನ ಕಾಲ ದಾಟಿ ಹೋಯ್ತು. ಆಗ ಸ್ಕಾಟ್ಲೆಂಡ್ ಯಾರ್ಡಿನ ಅಧಿಕಾರಿ ರಾಬರ್ಟ್ ಆಂಡರ್ಸನ್ 19ನೇ ಶತಮಾನದ ಕೊನೆಯಲ್ಲಿ ಒಂದು ಉಪಾಯ ಮಾಡಿದ. ವರ್ಷಕ್ಕೆ 360 ದಿನ ಹಿಡಿದ. 483 × 360 = 1,73,880 ದಿನ. ಕ್ರಿ.ಪೂ. 445 ಮಾರ್ಚ್ 14ರಿಂದ ಹೊರಟರೆ ಕ್ರಿ.ಶ. 32 ಏಪ್ರಿಲ್ 6, ಯೇಸು ಯೆರೂಸಲೇಮ್ ಪ್ರವೇಶಿಸಿದ ಭಾನುವಾರ ಅಂತ ಅವನ ತೀರ್ಮಾನ.

ಎಲ್ಲಿ ಕೆಡುತ್ತೆ? ಶುರುವಿನ ದಿನವೇ ಊಹೆ. ನೆಹೆಮೀಯ 2ರಲ್ಲಿ ನೀಸಾನ್ ತಿಂಗಳು ಅಂತಷ್ಟೇ ಇದೆ, ತಾರೀಕು ಇಲ್ಲ. ಶಿಲುಬೆಯ ವರ್ಷಕ್ಕೆ ಹೆಚ್ಚಿನ ವಿದ್ವಾಂಸರು 30 ಅಥವಾ 33 ಅಂತಾರೆ, 32 ಅಲ್ಲ. ಇನ್ನು ಯೆಹೂದ್ಯರು ಅಧಿಕಮಾಸ ಸೇರಿಸಿ ವರ್ಷ ಸರಿಮಾಡ್ತಿದ್ದರು. ಬರೀ 360 ದಿನದ ವರ್ಷವನ್ನು ಶತಮಾನಗಟ್ಟಲೆ ಎಳೆದರೆ ಪಸ್ಕ ಹಬ್ಬ ಚಳಿಗಾಲಕ್ಕೆ ಜಾರುತ್ತೆ.

ಉಳಿದ 70ನೇ ವಾರ, ಅಂದರೆ ಕೊನೆಯ ಏಳು ವರ್ಷ, ಇನ್ನೂ ಬಂದಿಲ್ಲ ಅಂತ ಡಾರ್ಬಿಯವರು. 69ಕ್ಕೂ 70ಕ್ಕೂ ಮಧ್ಯೆ ಸುಮಾರು ಎರಡು ಸಾವಿರ ವರ್ಷದ ಬಿಡುವು. ಆ ಬಿಡುವಿನ ಬಗ್ಗೆ ವಚನದಲ್ಲಿ ಒಂದಕ್ಷರವೂ ಇಲ್ಲ. ವಿರೋಧಿಗಳು ಹಿಡಿಯೋದು ಇದನ್ನೇ.

ಬೀದರ್ ಕೋಟೆ
ಲೆಕ್ಕಪತ್ರ ಅವರೇ, ಕ್ರಿ.ಪೂ. 457 ಮರೆತಿರಿ. ಎಜ್ರ 7ರ ಅಪ್ಪಣೆ. ಅಲ್ಲಿಂದ 483 ಸಾಮಾನ್ಯ ವರ್ಷ ಎಣಿಸಿದರೆ ಕ್ರಿ.ಶ. 27, ಯೇಸುವಿನ ದೀಕ್ಷಾಸ್ನಾನ. 360ರ ಉಪಾಯವೂ ಬೇಡ, ಬಿಡುವೂ ಬೇಡ. ಸೆವೆಂತ್ ಡೇ ಅಡ್ವೆಂಟಿಸ್ಟರು ಹಿಡಿದಿರೋದು ಇದನ್ನೇ. ಅದೇ 457ರಿಂದ ದಾನಿಯೇಲ 8:14ರ 2300 ದಿನವನ್ನು ವರ್ಷ ಅಂತ ಎಣಿಸಿದ್ದು ವಿಲಿಯಂ ಮಿಲ್ಲರ್. 1843 ಬರಬೇಕು, ಸೊನ್ನೆ ವರ್ಷ ಇಲ್ಲದ್ದಕ್ಕೆ 1844. ಅಕ್ಟೋಬರ್ 22 ಅಂತ ದಿನವೂ ಗೊತ್ತಾಯ್ತು. ಏನೂ ಆಗಲಿಲ್ಲ. ಮಹಾ ನಿರಾಶೆ ಅಂತ ಅದಕ್ಕೆ ಹೆಸರೇ ಬಿತ್ತು. ಶುದ್ಧೀಕರಣ ನಡೆದದ್ದು ಭೂಮಿಯಲ್ಲಲ್ಲ, ಸ್ವರ್ಗದ ಗುಡಾರದಲ್ಲಿ ಅಂತ ಅರ್ಥ ಬದಲಿಸಿಕೊಂಡ ಗುಂಪು 1863ರಲ್ಲಿ ಅಡ್ವೆಂಟಿಸ್ಟ್ ಸಭೆಯಾಯ್ತು.

ಹಳೆಪುಟ
ಇತಿಹಾಸದ ವಿದ್ವಾಂಸರು ಇಬ್ಬರನ್ನೂ ಒಪ್ಪಲ್ಲ. ದಾನಿಯೇಲ 8ರ "2300 ಸಂಜೆ-ಮುಂಜಾನೆ" ಅಂದರೆ 1150 ದಿನ, ಕ್ರಿ.ಪೂ. 167ರಲ್ಲಿ ನಾಲ್ಕನೇ ಆಂಟಿಯೋಕಸ್ ದೇವಾಲಯ ಕೆಡಿಸಿ, 164ರಲ್ಲಿ ಅದು ಮತ್ತೆ ಶುದ್ಧವಾದ ಮೂರು ವರ್ಷದ ಸುತ್ತಮುತ್ತಲಿನ ಮಾತು ಅಂತಾರೆ.

ಕೆಂಪು ಬಸ್ಸು
ಗುರು, ಯೆಹೋವನ ಸಾಕ್ಷಿಗಳ 1914 ಬಿಟ್ಟುಬಿಟ್ರಲ್ಲ. ಯೆರೂಸಲೇಮ್ ಬಿತ್ತು ಅಂತ ಅವರು ಹಿಡಿಯೋ ಕ್ರಿ.ಪೂ. 607 + 2520 ವರ್ಷ (7 × 360), ಸೊನ್ನೆ ಇಲ್ಲದ್ದಕ್ಕೆ ಒಂದು ಸೇರಿಸಿ 1914, ಕ್ರಿಸ್ತ ಸ್ವರ್ಗದಲ್ಲಿ ಆಳೋಕೆ ಶುರು ಮಾಡಿದ ವರ್ಷ ಅಂತ. ಇತಿಹಾಸಕಾರರು ಯೆರೂಸಲೇಮ್ ಬಿದ್ದದ್ದು 587 ಅಥವಾ 586 ಅಂತಾರೆ, ಹಾಗಾಗಿ ಬುಡವೇ ಅಲ್ಲಾಡುತ್ತೆ.

ಆದರೆ ರಾಜಕೀಯ ನೋಡಿ, ಉಲ್ಟಾ. ಕ್ರಿಸ್ತ ಈಗಾಗಲೇ ಸ್ವರ್ಗದಲ್ಲಿ ಆಳ್ತಿದ್ದಾನೆ ಅಂದಮೇಲೆ ಲೋಕದ ಸರ್ಕಾರಕ್ಕೆ ನಿಷ್ಠೆ ಇಲ್ಲ. ಓಟು ಹಾಕಲ್ಲ, ಸೈನ್ಯ ಸೇರಲ್ಲ, ಬಾವುಟಕ್ಕೆ ವಂದಿಸಲ್ಲ. ನಾತ್ಸಿ ಶಿಬಿರಗಳಲ್ಲಿ ಇವರಿಗೆ ನೇರಳೆ ತ್ರಿಕೋನದ ಗುರುತು. ನಮ್ಮಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣ, 1986: ಕೇರಳದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಂತರು, ಹಾಡಲಿಲ್ಲ, ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು. ಭಾರತದ ವಾಕ್ ಸ್ವಾತಂತ್ರ್ಯದ ಪಾಠದಲ್ಲಿ ಇವತ್ತಿಗೂ ಓದೋ ತೀರ್ಪಿನ ಹಿಂದೆ ಒಂದು ಅಂತ್ಯಕಾಲದ ನಂಬಿಕೆ ಇದೆ.

ಡಲ್ಲಾಸ್ ಕನ್ನಡಿಗ
ಈಗ ಅಮೆರಿಕಕ್ಕೆ ಬರೋಣ. ಡಾರ್ಬಿಯ ಲೆಕ್ಕಾಚಾರ ಅಲ್ಲಿ ಮನೆಮನೆಗೆ ತಲುಪಿದ್ದು ಸ್ಕೋಫೀಲ್ಡ್ ಬೈಬಲ್‌ನಿಂದ. 1909ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅಚ್ಚು ಹಾಕಿತು, 1917ರಲ್ಲಿ ಪರಿಷ್ಕರಣೆ. ವಚನ ಮೇಲೆ, ಟಿಪ್ಪಣಿ ಅದೇ ಪುಟದ ಕೆಳಗೆ. ಓದುಗನಿಗೆ ಟಿಪ್ಪಣಿಯೂ ವಚನದಷ್ಟೇ ತೂಕದ್ದಾಗಿ ಕಂಡದ್ದು ಸಹಜ. 1924ರಲ್ಲಿ ಇಲ್ಲಿ ಡಲ್ಲಾಸ್‌ನಲ್ಲಿ ಶುರುವಾದ ಸೆಮಿನರಿ ಅದೇ ಪದ್ಧತಿಯಲ್ಲಿ ಪಾದ್ರಿಗಳನ್ನು ತಯಾರು ಮಾಡಿತು.

ತಮಾಷೆ ಅಂದರೆ, ತರ್ಕದ ಪ್ರಕಾರ ಇವರು ರಾಜಕೀಯಕ್ಕೆ ಬರಲೇಬಾರದು. ಲೋಕ ಕೆಡ್ತಾನೇ ಹೋಗುತ್ತೆ, ಸಭೆ ಎತ್ತಲ್ಪಡುತ್ತೆ ಅಂದಮೇಲೆ ಸರ್ಕಾರ ಸರಿಮಾಡಿ ಏನು ಬಂತು? 19ನೇ ಶತಮಾನದ ಸುವಾರ್ತಿಕ ಡ್ವೈಟ್ ಮೂಡಿ ಲೋಕವನ್ನು ಒಡೆದ ಹಡಗಿಗೆ ಹೋಲಿಸಿ, ತನಗೆ ಕೊಟ್ಟಿರೋದು ಜನರನ್ನು ಹತ್ತಿಸಿಕೊಳ್ಳುವ ದೋಣಿ ಮಾತ್ರ ಅಂದಿದ್ದ. ಅಂಥ ಪರಂಪರೆಯಿಂದಲೇ 1979ರಲ್ಲಿ ಪಾದ್ರಿ ಜೆರ‍್ರಿ ಫಾಲ್ವೆಲ್ ಮೋರಲ್ ಮೆಜಾರಿಟಿ ಅನ್ನೋ ರಾಜಕೀಯ ಸಂಘಟನೆ ಕಟ್ಟಿದ. ಇದನ್ನು ಬರೀ ಅಂತ್ಯಕಾಲದಿಂದ ವಿವರಿಸೋಕೆ ಆಗಲ್ಲ. ಗರ್ಭಪಾತ, ಶಾಲೆಯ ಪ್ರಾರ್ಥನೆ, ಖಾಸಗಿ ಕ್ರೈಸ್ತ ಶಾಲೆಗಳ ತೆರಿಗೆ ವಿನಾಯಿತಿ, ಇವೆಲ್ಲ ಎಳೆದು ತಂದವು.

ಮಲೆನಾಡು ಮಳೆ
ಬರೀ ಅದಲ್ಲ. ರೇಗನ್ ಸರ್ಕಾರದಲ್ಲಿ ಸರ್ಕಾರಿ ಭೂಮಿ, ಸಂಪನ್ಮೂಲ ನೋಡಿಕೊಳ್ಳೋ ಇಂಟೀರಿಯರ್ ಇಲಾಖೆಯ ಮಂತ್ರಿ ಜೇಮ್ಸ್ ವಾಟ್ "ಕೊನೆಯ ಮರ ಕಡಿದ ಮೇಲೆ ಕ್ರಿಸ್ತ ಬರ್ತಾನೆ" ಅಂತ ಸಂಸತ್ತಿನಲ್ಲೇ ಹೇಳಿದ್ದ. ಇಂಥವರ ಕೈಗೆ ಕಾಡು ಕೊಟ್ಟರೆ ಇನ್ನೇನಾಗುತ್ತೆ?

ಡಲ್ಲಾಸ್ ಕನ್ನಡಿಗ
ಆ ಮಾತು ಅವನು ಹೇಳಿಲ್ಲ. 2004ರ ಕೊನೆಯಲ್ಲಿ ಪತ್ರಕರ್ತ ಬಿಲ್ ಮೊಯರ್ಸ್ ಭಾಷಣದಿಂದ ಅದು ಲೋಕವೆಲ್ಲ ಓಡಾಡಿತು, ಆಮೇಲೆ ಅವರೇ ವಾಟ್‌ನ ಕ್ಷಮೆ ಕೇಳಿದರು. 1981ರ ಫೆಬ್ರವರಿಯಲ್ಲಿ ಸಮಿತಿಯ ಮುಂದೆ ವಾಟ್ ಹೇಳಿದ್ದರ ತಾತ್ಪರ್ಯ: ಕರ್ತನು ಬರುವುದರೊಳಗೆ ಇನ್ನೆಷ್ಟು ಪೀಳಿಗೆ ಇದೆಯೋ ಗೊತ್ತಿಲ್ಲ, ಎಷ್ಟೇ ಇರಲಿ, ಅವರಿಗೆ ಬೇಕಾದ ಸಂಪನ್ಮೂಲ ಉಳಿಯುವಂತೆ ಜಾಣತನದಿಂದ ನಿರ್ವಹಿಸಬೇಕು. ಮೊದಲರ್ಧ ಇಟ್ಟುಕೊಂಡು ಎರಡನೇ ಅರ್ಧ ಕತ್ತರಿಸಿದರೆ ಅರ್ಥ ತಲೆಕೆಳಗು. ಅವನ ಪರಿಸರ ನೀತಿ ಕೆಟ್ಟದ್ದು ಅನ್ನೋಕೆ ಗಣಿ, ತೈಲ ಗುತ್ತಿಗೆಗಳ ದಾಖಲೆಯೇ ಸಾಕಷ್ಟಿದೆ, ಸುಳ್ಳು ಮಾತು ಬೇಕಿಲ್ಲ.

ಮಲೆನಾಡು ಮಳೆ
ಸರಿ ಬಿಡಿ, ಕಾಡು ಕಡಿದದ್ದಂತೂ ನಿಜ ತಾನೆ.

ಕುಡ್ಲದ ಓದುಗ
ಇಸ್ರೇಲ್ ವಿಷಯಕ್ಕೆ ಬನ್ನಿ ಮಾರಾಯ್ರೆ, ಮೂಲ ಪ್ರಶ್ನೆ ಅದು.

ಡಲ್ಲಾಸ್ ಕನ್ನಡಿಗ
ಬಂದೆ. ಇದು 1948ರಲ್ಲಿ ಶುರುವಾದದ್ದಲ್ಲ. 1891ರ ಮಾರ್ಚ್‌ನಲ್ಲಿ ವಿಲಿಯಂ ಬ್ಲ್ಯಾಕ್‌ಸ್ಟೋನ್ ಎಂಬ ಸುವಾರ್ತಿಕ ಅಮೆರಿಕದ ಅಧ್ಯಕ್ಷ ಹ್ಯಾರಿಸನ್‌ಗೆ ಮನವಿ ಕೊಟ್ಟ: ರಷ್ಯಾದಲ್ಲಿ ಹಿಂಸೆಗೊಳಗಾದ ಯೆಹೂದ್ಯರಿಗೆ ಪ್ಯಾಲೆಸ್ಟೈನ್ ಕೊಡಿಸಿ ಅಂತ. 413 ಸಹಿ. ಜೆ.ಪಿ. ಮಾರ್ಗನ್, ರಾಕ್‌ಫೆಲ್ಲರ್, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಮೆಲ್ವಿಲ್ ಫುಲ್ಲರ್ ಸೇರಿ. ಯೆಹೂದ್ಯರಿಗೆ ಸ್ವಂತ ನಾಡು ಬೇಕು ಅನ್ನೋರ ಮೊದಲ ಜಿಯೋನಿಸ್ಟ್ ಸಮ್ಮೇಳನ ನಡೆದದ್ದು ಆರು ವರ್ಷ ಆದಮೇಲೆ, 1897ರಲ್ಲಿ.

ಈಗಿನ ದೊಡ್ಡ ಸಂಸ್ಥೆ ಕ್ರಿಶ್ಚಿಯನ್ಸ್ ಯುನೈಟೆಡ್ ಫಾರ್ ಇಸ್ರೇಲ್. 2006ರಲ್ಲಿ ಸ್ಯಾನ್ ಆಂಟೋನಿಯೋದ ಜಾನ್ ಹೇಗಿ ಈಗಿನ ರೂಪ ಕೊಟ್ಟ. ಒಂದು ಕೋಟಿಗೂ ಹೆಚ್ಚು ಸದಸ್ಯರು ಅಂತ ಅವರೇ ಹೇಳಿಕೊಳ್ಳೋದು. ಕೆಲಸದ ಕ್ರಮ ಸರಳ: ಊರೂರಿನ ಸಭೆಗಳಲ್ಲಿ ಇಸ್ರೇಲ್ ಸನ್ಮಾನದ ರಾತ್ರಿ, ವರ್ಷಕ್ಕೊಮ್ಮೆ ವಾಷಿಂಗ್ಟನ್‌ನಲ್ಲಿ ಸಮಾವೇಶ, ಬಂದವರನ್ನು ಅವರವರ ಕ್ಷೇತ್ರದ ಸಂಸದರ ಕಚೇರಿಗೇ ಕಳಿಸಿ ಒಂದೇ ಬೇಡಿಕೆ ಇಡಿಸೋದು. 1954ರ ಜಾನ್ಸನ್ ತಿದ್ದುಪಡಿ ಪ್ರಕಾರ ತೆರಿಗೆ ವಿನಾಯಿತಿಯ ಧಾರ್ಮಿಕ ಸಂಸ್ಥೆ ಅಭ್ಯರ್ಥಿಯ ಪರ ಪ್ರಚಾರ ಮಾಡುವ ಹಾಗಿಲ್ಲ, ಲಾಬಿಗೂ ಮಿತಿ ಇದೆ. ಹಾಗಾಗಿ 2015ರಲ್ಲಿ ಲಾಬಿಗೇ ಅಂತ ಬೇರೆ ಅಂಗಸಂಸ್ಥೆ ಮಾಡಿಕೊಂಡರು.

ರಾಯಭಾರ ಕಚೇರಿಯನ್ನು ಯೆರೂಸಲೇಮಿಗೆ ಸಾಗಿಸುವ ಕಾನೂನು 1995ರದು, ಎರಡೂ ಪಕ್ಷ ಸೇರಿ ಪಾಸು ಮಾಡಿದ್ದು. ಅದರಲ್ಲೇ ಆರಾರು ತಿಂಗಳು ಮುಂದೂಡಲು ಅವಕಾಶ ಇತ್ತು, ಅಧ್ಯಕ್ಷರು ಅದನ್ನೇ ಬಳಸ್ತಾ ಬಂದರು. 2018ರ ಮೇ 14ರಂದು ಕಚೇರಿ ತೆರೆದಾಗ ಡಲ್ಲಾಸ್‌ನ ಪಾದ್ರಿ ರಾಬರ್ಟ್ ಜೆಫ್ರೆಸ್ ಆರಂಭದ ಪ್ರಾರ್ಥನೆ, ಹೇಗಿ ಕೊನೆಯ ಪ್ರಾರ್ಥನೆ ಮಾಡಿದರು.

ಬೀದರ್ ಕೋಟೆ
ಅಂದರೆ ವಾಟ್ಸಾಪ್ ಮಾತು ನಿಜವೇ ಆಯ್ತಲ್ಲ?

ಹಳೆಪುಟ
ಅರ್ಧ. ಹೇಗಿಯ ಸಭೆಗಳಲ್ಲಿ ಹೆಚ್ಚು ಕೇಳೋದು ಪ್ರಕಟನೆ ಅಲ್ಲ, ಆದಿಕಾಂಡ 12:3. ಅಬ್ರಹಾಮನನ್ನು ಆಶೀರ್ವದಿಸಿದವರಿಗೆ ಆಶೀರ್ವಾದ, ಶಪಿಸಿದವರಿಗೆ ಶಾಪ. ಅದು ಇವತ್ತಿನ ಲಾಭ ನಷ್ಟದ ಮಾತು, ಲೋಕ ಮುಗಿಸುವ ಆತುರ ಅಲ್ಲ. ಜೊತೆಗೆ ಡಿಸ್ಪೆನ್ಸೇಷನಲ್ ಸಿದ್ಧಾಂತದಲ್ಲಿ ಎತ್ತಲ್ಪಡುವಿಕೆಗೆ ಯಾವ ಸೂಚನೆಯೂ ಬೇಕಿಲ್ಲ, ಯಾವ ಕ್ಷಣಕ್ಕಾದರೂ ಆಗಬಹುದು. ಮನುಷ್ಯ ದೂಡಿ ಬೇಗ ಮಾಡಿಸೋ ಸಂಗತಿ ಅಲ್ಲ ಅದು. ದೂಡೋರು ಇಲ್ಲ ಅಂತ ಅಲ್ಲ, ಆದರೆ ಸಿದ್ಧಾಂತ ಹಾಗೆ ಹೇಳಲ್ಲ.

ಲೆಕ್ಕಪತ್ರ
ಅಷ್ಟು ಮೆತ್ತಗೆ ಹೇಳಬೇಡಿ. ಅದೇ ಸಿದ್ಧಾಂತದ ಮುಂದಿನ ಪುಟದಲ್ಲಿ ಏನಿದೆ ಹೇಳಿ. ಜೆಕರ್ಯ 13:8ರ ಮೇಲೆ ನಿಂತು, ಸಂಕಟಕಾಲದಲ್ಲಿ ನಾಡಿನ ಯೆಹೂದ್ಯರಲ್ಲಿ ಮೂರರಲ್ಲಿ ಎರಡು ಪಾಲು ಸಾಯ್ತಾರೆ, ಉಳಿದವರು ಕ್ರಿಸ್ತನನ್ನು ಒಪ್ಪಿಕೊಳ್ತಾರೆ ಅಂತ ಬೋಧಿಸೋರು ಇದ್ದಾರೆ. ಇಂಥ ಗೆಳೆತನಕ್ಕೆ ಯೆಹೂದ್ಯರಲ್ಲೇ ಹಲವರು ಮುಖ ಸಿಂಡರಿಸೋದು ಸುಮ್ಮನೆ ಅಲ್ಲ.

ಕುಡ್ಲದ ಓದುಗ
ಅಲ್ಲಿಯ ಕ್ರೈಸ್ತರನ್ನು ಯಾರೂ ಕೇಳುವುದೇ ಇಲ್ಲ! 2006ರ ಆಗಸ್ಟ್‌ನಲ್ಲಿ ಯೆರೂಸಲೇಮಿನ ಲ್ಯಾಟಿನ್ ಪೇಟ್ರಿಯಾರ್ಕ್ ಮಿಶೆಲ್ ಸಬ್ಬಾಹ್, ಸಿರಿಯನ್ ಆರ್ಥೊಡಾಕ್ಸ್, ಎಪಿಸ್ಕೋಪಲ್, ಲೂಥರನ್ ಮುಖ್ಯಸ್ಥರು ಒಟ್ಟಿಗೆ ಸಹಿ ಹಾಕಿ ಕ್ರೈಸ್ತ ಜಿಯೋನಿಸಂ ಸುಳ್ಳು ಬೋಧನೆ ಅಂತ ಹೇಳಿದ್ದಾರೆ. 2009ರಲ್ಲಿ ಪ್ಯಾಲೆಸ್ಟೈನಿನ ಕ್ರೈಸ್ತರದ್ದೇ ಕೈರೋಸ್ ಪ್ಯಾಲೆಸ್ಟೈನ್ ದಾಖಲೆ ಬಂತು. ಬೆತ್ಲೆಹೇಮಿನ ಕ್ರೈಸ್ತನ ಜಮೀನು ಹೋಗುವುದು ಟೆಕ್ಸಾಸಿನ ಕ್ರೈಸ್ತನಿಗೆ ಪ್ರವಾದನೆ ನೆರವೇರಿದ ಹಾಗೆ ಕಂಡರೆ ಇವರಿಬ್ಬರೂ ಓದುವುದು ಒಂದೇ ಪುಸ್ತಕವಾ ಅಂತ ಕೇಳಬೇಕಾಗ್ತದೆ.

ಇತಿಹಾಸಪ್ರಿಯ
ಅಂಕಿ ನೋಡಿ ಮಾತಾಡೋಣ. ಪ್ಯೂ ಸಂಸ್ಥೆ 2022ರಲ್ಲಿ ಅಮೆರಿಕನ್ನರನ್ನು ಕೇಳಿತ್ತು, ನಾವು ಅಂತ್ಯಕಾಲದಲ್ಲಿ ಬದುಕುತ್ತಿದ್ದೇವಾ ಅಂತ. ಹೌದು ಅಂದವರು ಒಟ್ಟು ವಯಸ್ಕರಲ್ಲಿ ಶೇ. 39. ಎವಾಂಜೆಲಿಕಲ್‌ಗಳಲ್ಲಿ ಶೇ. 63. ಎಲ್ಲರಿಗಿಂತ ಮೇಲೆ ಯಾರು ಗೊತ್ತಾ? ಕಪ್ಪು ಜನರ ಪ್ರಾಟೆಸ್ಟಂಟ್ ಸಭೆಗಳವರು, ಶೇ. 76. ಅವರ ಓಟು ಬಹುಪಾಲು ಡೆಮಾಕ್ರಟಿಕ್ ಪಕ್ಷಕ್ಕೆ. ಅಂತ್ಯಕಾಲ ಹತ್ತಿರ ಅನ್ನೋ ನಂಬಿಕೆಯೇ ಓಟು ತಿರುಗಿಸೋದಾದರೆ ಈ ಎರಡು ಗುಂಪು ಒಂದೇ ಕಡೆ ಇರಬೇಕಿತ್ತು. ಹಾಗಾಗಿ ಯಾವಾಗ ಅನ್ನೋದನ್ನಲ್ಲ, ಅಲ್ಲಿವರೆಗೆ ಏನು ಮಾಡು ಅಂತ ಅವರ ಸಭೆ ಹೇಳುತ್ತೆ ಅನ್ನೋದನ್ನು ನೋಡಬೇಕು.

ಡಲ್ಲಾಸ್ ಕನ್ನಡಿಗ
ಒಪ್ಪಿದೆ. ಇನ್ನೊಂದು: ಈಗ ಅಧಿಕಾರಕ್ಕೆ ಹತ್ತಿರ ಇರೋ ಗುಂಪುಗಳಲ್ಲಿ ಹಲವಕ್ಕೆ ಓಡಿಹೋಗುವ ಮನಸ್ಸೇ ಇಲ್ಲ. ಆರ್.ಜೆ. ರಶ್‌ಡೂನಿಯ ಕ್ರಿಶ್ಚಿಯನ್ ರೀಕನ್‌ಸ್ಟ್ರಕ್ಷನ್ ಪಂಥ ಪಕ್ಕಾ ಪೋಸ್ಟ್‌ಮಿಲೆನಿಯಲ್: ಕಾನೂನು, ಶಾಲೆ, ಕುಟುಂಬ ಎಲ್ಲ ಬೈಬಲ್ ಪ್ರಕಾರ ಆದಮೇಲೆಯೇ ಕ್ರಿಸ್ತ. "ಏಳು ಪರ್ವತ" ಅನ್ನೋರು ಸರ್ಕಾರ, ಮಾಧ್ಯಮ, ಶಿಕ್ಷಣ, ವ್ಯಾಪಾರ, ಕಲೆ, ಕುಟುಂಬ, ಧರ್ಮ ಏಳನ್ನೂ ಹಿಡೀಬೇಕು ಅಂತಾರೆ. ಎತ್ತಲ್ಪಡಲು ಕಾಯೋನು ಬೆಟ್ಟ ಹತ್ತಲ್ಲ. ಪತ್ರಕರ್ತರು ಎರಡನ್ನೂ ಒಂದೇ ಚೀಲಕ್ಕೆ ಹಾಕ್ತಾರೆ.

ಹಳೆಪುಟ
ಪೋಸ್ಟ್‌ಮಿಲೆನಿಯಲ್ ಅಂದರೆ ಬರೀ ಬಲಪಂಥ ಅಂತಲೂ ಅಲ್ಲ. 19ನೇ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿ ವಿರೋಧ, ಪಾನನಿಷೇಧ ಚಳವಳಿಗಳಿಗೆ ಉಸಿರು ಕೊಟ್ಟದ್ದು ಈ ನಂಬಿಕೆ. ಚಾರ್ಲ್ಸ್ ಫಿನ್ನಿ ಒಬ್ಬ ಉದಾಹರಣೆ. ಮೊದಲ ಮಹಾಯುದ್ಧ ನೋಡಿದ ಮೇಲೆ ಲೋಕ ಸುಧಾರಿಸ್ತಿದೆ ಅನ್ನೋಕೆ ಬಾಯಿ ಬರಲಿಲ್ಲ, ಪಂಥ ಸೊರಗಿತು.

ಗದಗಿನವ
ರಷ್ಯಾ ಬಿಟ್ರಿ. 2 ಥೆಸಲೋನಿಕ 2ರಾಗ ಅಧರ್ಮಪುರುಷನ್ನ "ತಡೆಯುವವನು" ಅಂತ ಒಬ್ಬ ಬರ್ತಾನ. ಅಂವ ಯಾರು ಅಂತ ಪೌಲ ಹೇಳಿಲ್ಲ. 2024ರ ಮಾರ್ಚ್‌ನಾಗ ವಿಶ್ವ ರಷ್ಯನ್ ಜನ ಪರಿಷತ್ತು, ಅಂದ್ರ ಪೇಟ್ರಿಯಾರ್ಕ್ ಕಿರಿಲ್ ಮುಂದಾಳು ಇರೂ ಸಂಸ್ಥೆ, ಉಕ್ರೇನ್ ಯುದ್ಧನ "ಪವಿತ್ರ ಯುದ್ಧ" ಅಂತ ಕರದು, ಆ ತಡೆಯುವವನು ರಷ್ಯಾನ ಅಂತ ಬರೀತು. ಇವರು ಸಾವಿರ ವರ್ಷ ಕಾಯಾಕ ಹತ್ತಿಲ್ಲ, ಅಂತ್ಯ ಬರದಂಗ ತಡೀತೀವಿ ಅಂತಾರ. ಬಾಂಬು ಮಾತ್ರ ಹಂಗ ಬೀಳತಾವ.

ಕೆಂಪು ಬಸ್ಸು
ಕೆಂಪು ಹಸು ಕಥೆ ಯಾರಾದ್ರೂ ಹೇಳಿ ಗುರು. ಯೂಟ್ಯೂಬ್ ತುಂಬಾ ಅದೇ.

ಲೆಕ್ಕಪತ್ರ
ಅರಣ್ಯಕಾಂಡ 19. ಕಳಂಕವಿಲ್ಲದ, ನೊಗ ಹೊರದ ಕೆಂಪು ಹಸುವನ್ನು ಸುಟ್ಟ ಬೂದಿ ನೀರಿಗೆ ಬೆರೆಸಿ ಶುದ್ಧಿ. ಮಿಷ್ನಾ (ಯೆಹೂದ್ಯರ ಹಳೆಯ ಧರ್ಮನಿಯಮಗಳ ಗ್ರಂಥ) ಪ್ರಕಾರ ಎರಡು ಕೂದಲು ಬೇರೆ ಬಣ್ಣ ಇದ್ದರೂ ಆಗಲ್ಲ. ಬೂದಿ ಇಲ್ಲದೆ ಯಾಜಕರಿಗೆ ಶುದ್ಧಿ ಇಲ್ಲ, ಶುದ್ಧಿ ಇಲ್ಲದೆ ಯೆರೂಸಲೇಮಿನಲ್ಲಿ ಮುಂದೆ ಕಟ್ಟಬೇಕು ಅನ್ನೋ ಮೂರನೇ ದೇವಾಲಯದ ಸೇವೆ ಇಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಟೆಕ್ಸಾಸ್‌ನಿಂದ ಐದು ಕೆಂಪು ಹೆಂಗರು ಇಸ್ರೇಲಿಗೆ ಬಂದವು. ಯೆಹೂದ್ಯ ದೇವಾಲಯವಾದಿಗಳಿಗೆ ಬೇಕಾದದ್ದು ದೇವಾಲಯ, ಕ್ರೈಸ್ತ ದಾನಿಗಳಿಗೆ ಬೇಕಾದದ್ದು ಆ ದೇವಾಲಯದಲ್ಲಿ ಕ್ರಿಸ್ತವಿರೋಧಿ ಕೂರುವ ಪ್ರವಾದನೆ. ದೇವಾಲಯದ ಜಾಗದಲ್ಲಿ ಈಗ ಅಲ್-ಅಕ್ಸಾ ಆವರಣ ಇದೆ. 2024ರ ಜನವರಿಯಲ್ಲಿ, ಗಾಜಾ ಯುದ್ಧದ ನೂರನೇ ದಿನದ ಭಾಷಣದಲ್ಲಿ ಹಮಾಸ್ ವಕ್ತಾರ ಅಬು ಉಬೈದಾ ಕೆಂಪು ಹಸು ತಂದದ್ದನ್ನು ಹೆಸರಿಸಿಯೇ ಹೇಳಿದ. ನಂಬೋರು ಎಷ್ಟು ಕಡಿಮೆ ಇದ್ದರೂ, ಎದುರಿನವನು ಅದನ್ನು ಗಂಭೀರವಾಗಿ ತಗೊಂಡರೆ ಅಲ್ಲಿಗೆ ಅದು ರಾಜಕೀಯವೇ.

ಮಲೆನಾಡು ಮಳೆ
ನಮ್ಮ ದೇಶದಲ್ಲೂ ಆಧಾರ್ ಕಾರ್ಡ್ 666 ಅಂತ ಮಿಜೋರಾಂನಲ್ಲಿ ಕೆಲವರು ಮಾಡಿಸಿಕೊಳ್ಳಲಿಲ್ಲ ಅಲ್ವಾ?

ಲೆಕ್ಕಪತ್ರ
ಹೌದು, ಪ್ರಕಟನೆ 13:16-17ರ ಭಯ: ಬಲಗೈ ಅಥವಾ ಹಣೆಯ ಮೇಲೆ ಗುರುತು ಇಲ್ಲದವನು ಕೊಳ್ಳೋ ಹಾಗಿಲ್ಲ, ಮಾರೋ ಹಾಗಿಲ್ಲ. ಆಧಾರ್‌ಗೆ ಮೊದಲು ಬಾರ್‌ಕೋಡ್ ಮೇಲೆ ಇದೇ ಅನುಮಾನ ಇತ್ತು. ಎರಡು ತುದಿ, ಮಧ್ಯ, ಮೂರು ಕಡೆ ಉದ್ದ ಗೆರೆ ಜೋಡಿ, ಮೂರೂ 6 ಅಂತ. ಬಲಭಾಗದ 6ರ ಸಂಕೇತ 1010000, ಅಂದರೆ ಎರಡು ತೆಳು ಗೆರೆ ಮತ್ತು ನಾಲ್ಕು ಅಂಕಣದ ಖಾಲಿ ಜಾಗ. ತುದಿಯ ಗೆರೆಗಳು ಬರೀ 101, ಮಧ್ಯದ್ದು 01010. ಗೆರೆ ಹಾಗೇ ಕಾಣುತ್ತೆ, ಆದರೆ ಆ ಖಾಲಿ ಜಾಗ ಇಲ್ಲದೆ ಅದು ಅಂಕಿಯೇ ಅಲ್ಲ. ಯಂತ್ರಕ್ಕೆ ಗೆರೆಯ ಅಗಲ ತಿಳಿಸೋಕೆ ಇಟ್ಟದ್ದು.

666 ನಿಜವಾಗಿ ಯಾರು? ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿಸಿ: 50+200+6+50, ಆಮೇಲೆ 100+60+200. ಒಟ್ಟು 666. ಹೆಸರಿನ ಕೊನೆಯ 50 ಬಿಟ್ಟರೆ 616. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಹಳೆಯ ಪಪೈರಸ್ ತುಣುಕಿನಲ್ಲಿ 616 ಅಂತಲೇ ಇದೆ.

ಬೀದರ್ ಕೋಟೆ
ಐರೀನಿಯಸ್‌ಗೂ 616 ಗೊತ್ತಿತ್ತು. ಅದು ನಕಲು ಮಾಡಿದವರ ತಪ್ಪು ಅಂತ ತಳ್ಳಿಹಾಕಿದ.

ಇತಿಹಾಸಪ್ರಿಯ
ಮಿಜೋರಾಂ ಬಂದಿದ್ದಕ್ಕೆ ಹೇಳ್ತೀನಿ, ಮಿಜೋರಾಂ ಮಣಿಪುರಗಳ ಬ್ನೇಯ್ ಮೆನಾಶೆ ಜನ ತಾವು ಕಳೆದುಹೋದ ಮನಸ್ಸೆ ಕುಲ ಅಂತ ಇಸ್ರೇಲಿಗೆ ಹೋಗ್ತಿದ್ದಾರಲ್ಲ, ಅವರ ವಿಮಾನದ ಖರ್ಚಿಗೆ ಯೆರೂಸಲೇಮಿನ ಇಂಟರ್‌ನ್ಯಾಷನಲ್ ಕ್ರಿಶ್ಚಿಯನ್ ಎಂಬಸಿ ಹಣ ಕೊಟ್ಟಿದೆ. 1980ರಲ್ಲಿ ಶುರುವಾದ ಎವಾಂಜೆಲಿಕಲ್ ಸಂಸ್ಥೆ ಅದು. ಹೋಗೋರು ಯೆಹೂದ್ಯ ಧರ್ಮಕ್ಕೆ, ಕಳಿಸೋರು ಕ್ರೈಸ್ತರು.

ಕುಡ್ಲದ ಓದುಗ
ನಮ್ಮ ಕರಾವಳಿಗೂ ಒಂದು ಎಳೆ ಉಂಟು, ಯಾರೂ ಹೇಳಲಿಲ್ಲ. ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ್ದು, 1834ರಲ್ಲಿ ಹೆಬಿಕ್, ಲೇಹ್ನರ್, ಗ್ರೈನರ್ ಮಂಗಳೂರಿಗೆ ಬಂದದ್ದು ಎಲ್ಲರಿಗೂ ಗೊತ್ತು. ಆ ಮಿಷನ್‌ಗೆ ಜನ, ಹಣ ಹೆಚ್ಚಾಗಿ ಬಂದದ್ದು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನ ಪಯಟಿಸ್ಟ್ (ಒಬ್ಬೊಬ್ಬರ ಸ್ವಂತ ಭಕ್ತಿಗೆ ಒತ್ತು ಕೊಡುವ ಪ್ರಾಟೆಸ್ಟಂಟ್) ಭಕ್ತರಿಂದ. ಅಲ್ಲಿಯ ಪಂಡಿತ ಯೊಹಾನ್ ಆಲ್ಬ್ರೆಕ್ಟ್ ಬೆಂಗೆಲ್ 18ನೇ ಶತಮಾನದಲ್ಲಿ ಪ್ರಕಟನೆ ಲೆಕ್ಕ ಹಾಕಿ ಸಾವಿರ ವರ್ಷ 1836ರ ಜೂನ್ 18ಕ್ಕೆ ಶುರು ಅಂತ ಹೇಳಿ ಹೋಗಿದ್ದ. 1817ರ ಸುಮಾರಿಗೆ ಎಷ್ಟೋ ಕುಟುಂಬ ಪೂರ್ವದಲ್ಲಿ ಆಶ್ರಯ ಸಿಗ್ತದೆ ಅಂತ ಕಾಕಸಸ್ ಕಡೆ ಹೊರಟು ಹೋದವು. ವ್ಯುರ್ಟೆಂಬರ್ಗಿನವರೇ ಆದ ಹರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದದ್ದೂ 1836ರಲ್ಲಿ. ಸಾವಿರ ವರ್ಷ ಶುರುವಾಗಲಿಲ್ಲ, 1843ರಲ್ಲಿ "ಮಂಗಳೂರ ಸಮಾಚಾರ" ಶುರುವಾಯ್ತು.

ಇನ್ನೊಂದು. 1839ರಿಂದ 1850ರವರೆಗೆ ಬಾಸೆಲ್ ಮಿಷನ್‌ನ ಮುಖ್ಯಸ್ಥ ವಿಲ್ಹೆಲ್ಮ್ ಹೋಫ್‌ಮನ್. ಅವನ ತಮ್ಮ ಕ್ರಿಸ್ಟೋಫ್ ಹೋಫ್‌ಮನ್ 1861ರಲ್ಲಿ ಟೆಂಪ್ಲರ್ ಸಮಾಜ ಕಟ್ಟಿ, ದೇವರ ಜನ ಯೆರೂಸಲೇಮಿನ ನಾಡಿನಲ್ಲಿ ಕೂಡಬೇಕು ಅಂತ 1868ರಲ್ಲಿ ಹೈಫಾಕ್ಕೆ ಹೋದ. ಅಣ್ಣನ ಕಾಲದಲ್ಲಿ ಮಿಷನರಿಗಳು ನಮ್ಮಲ್ಲಿಗೆ, ತಮ್ಮನ ಕಾಲದಲ್ಲಿ ರೈತರು ಪ್ಯಾಲೆಸ್ಟೈನಿಗೆ.

ಸಾದಾ ಪ್ರಶ್ನೆ
ಇದು ಹೊಸದು ನನಗೆ. ಕೊನೆಗೊಂದು: ಯಾವುದಾದರೂ ಪಾದ್ರಿಯ ರಾಜಕೀಯ ಭಾಷಣ ಕೇಳುವಾಗ ಯಾವ ಪಂಥ ಅಂತ ತಿಳಿಯೋಕೆ ಯಾವ ವಚನ ಗಮನಿಸಬೇಕು?

ಹಳೆಪುಟ
ಯೆಹೆಜ್ಕೇಲ 38ರ ಗೋಗ್-ಮಾಗೋಗ್ ತೆಗೆದು ರಷ್ಯಾ, ಇರಾನ್ ನಕ್ಷೆ ತೋರಿಸಿದರೆ ಡಿಸ್ಪೆನ್ಸೇಷನಲ್. ಆದಿಕಾಂಡ 12:3 ಮಾತ್ರ ಹೇಳಿ ಮುಂದೆ ಹೋದರೆ ಇಸ್ರೇಲ್ ಬೆಂಬಲಿಗ, ಅಂತ್ಯಕಾಲದ ಮಾತು ಇರಲೇಬೇಕಿಲ್ಲ. ಆದಿಕಾಂಡ 1:28ರ "ದೊರೆತನ" ಮಾಡಿ ಅನ್ನೋದನ್ನೂ ಮತ್ತಾಯ 28:19ರ "ಎಲ್ಲಾ ದೇಶಗಳ"ನ್ನೂ ಸೇರಿಸಿದರೆ ಡೊಮಿನಿಯನ್ ಗುಂಪು, ಅಂದರೆ ಆ ಏಳು ಪರ್ವತದವರ ಥರ ಲೋಕದ ಆಡಳಿತವನ್ನೇ ಹಿಡೀಬೇಕು ಅನ್ನೋರು. ಯೆಶಾಯ 45ರ ಕೋರೆಷ (ಪರ್ಷಿಯಾದ ಸೈರಸ್) ರಾಜ ಬಂದರೆ ಕಿವಿ ನೆಟ್ಟಗೆ ಮಾಡಿ: ದೇವರನ್ನು ಅರಿಯದ ರಾಜನನ್ನೂ ದೇವರು ಬಳಸ್ತಾನೆ ಅನ್ನೋ ಅಧ್ಯಾಯ ಅದು. ಟ್ರಂಪ್ 45ನೇ ಅಧ್ಯಕ್ಷ ಅಂತ ಅದನ್ನು ಅವನಿಗೆ ಅಂಟಿಸಿದರು. 2018ರ ಮಾರ್ಚ್‌ನಲ್ಲಿ ನೆತನ್ಯಾಹು ಕೂಡ ವಾಷಿಂಗ್ಟನ್‌ನಲ್ಲಿ ಟ್ರಂಪ್ ಎದುರೇ ಕೋರೆಷನ ಹೆಸರು ತೆಗೆದ. ಅಭ್ಯರ್ಥಿಯ ನಡತೆಯ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸೋಕೆ ಇದಕ್ಕಿಂತ ಅನುಕೂಲದ ವಚನ ಇಲ್ಲ.

ಗದಗಿನವ
ಅದ 47ನೇ ಅಧ್ಯಾಯ ಬಾಬೆಲಿನ ಪತನದ್ದು ಐತಿ. ಈಗ ಅಂವ 47ನೇ ಅಧ್ಯಕ್ಷ. ಅದನ್ನ ಯಾಕ ಅಂಟಿಸಂಗಿಲ್ಲ?

ಕೆಂಪು ಬಸ್ಸು
😂 ಅದನ್ನ ಎದುರು ಪಾರ್ಟಿ ಅಂಟಿಸುತ್ತೆ ಬಿಡಿ. ಕುಡ್ಲದವರೇ, ಹಾಗಾದ್ರೆ ಕಿಟ್ಟೆಲ್ ಕೂಡ ಈ ಬೆಂಗೆಲ್ ಊರಿನವರಾ?

ಕುಡ್ಲದ ಓದುಗ
ಅಲ್ಲ. ಕಿಟ್ಟೆಲ್ ಉತ್ತರ ಜರ್ಮನಿಯ ಪೂರ್ವ ಫ್ರೀಸ್‌ಲ್ಯಾಂಡಿನವರು, ಬಂದದ್ದು 1853ರಲ್ಲಿ. ತೀರಿಕೊಂಡದ್ದು ಮಾತ್ರ ವ್ಯುರ್ಟೆಂಬರ್ಗಿನ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಅದೇ ಮಿಷನ್‌ನ ವೈಗ್ಲೆ ಮೊಗ್ಲಿಂಗ್‌ನ ಕಡೆಯವರು. ಅವರ ಬಗ್ಗೆ ಬೇರೆಯೇ ಎಳೆ ಶುರು ಮಾಡಿ, ಇಲ್ಲಿ ಬೇಡ.